ತಾನೇ ಶ್ರುತಿಯಾಗುವ ಗಿಟಾರ್

ಆಲೂರು
೧೨ ಜನವರಿ ೨೦೨೫, ಭಾನುವಾರ

ಪ್ರೀತಿಯ ವಸಂತಣ್ಣಾ,

ಹೇಗಿದ್ದೀಯ? ಹಳಿಯ ಜಲ್ಲಿಯ ಮೇಲೆ ನಡೆದು ನಡೆದು ಹಿಮ್ಮಡಿ ಒಡೆದಿದೆ ಎಂದು ಬರೆದಿದ್ದೆ. ಅಮ್ಮ ಕೊಟ್ಟ ಮುಲಾಮು ಹಚ್ಚುತ್ತಿದ್ದೀಯೋ, ಗ್ಯಾಂಗಿನವರಿಗೆಲ್ಲ ಹಂಚಿಬಿಟ್ಟೆಯೋ? ಅಮ್ಮ ಚೆನ್ನಾಗಿದ್ದಾಳೆ, ಚಳಿಗೆ ಮೊಣಕಾಲು ನೋವು ಅಷ್ಟೆ. ಎಡಕುಮೇರಿಯಲ್ಲಿ ಫೋನ್ ಸಿಗುವುದಿಲ್ಲವೆಂದು ಇಷ್ಟು ದಿನ ಬೈದುಕೊಳ್ಳುತ್ತಿದ್ದೆ. ಇವತ್ತು ಅದೇ ಒಳ್ಳೆಯದಾಯಿತು. ಫೋನಿನಲ್ಲಾದರೆ ಇದನ್ನೆಲ್ಲ ಕ್ರಮವಾಗಿ ಹೇಳಲು ನನ್ನಿಂದ ಆಗುತ್ತಿರಲಿಲ್ಲ. ಸಂಜೆ ನಿಮ್ಮಲ್ಲಿಗೆ ಡ್ಯೂಟಿಗೆ ಹೊರಡುವ ಬಸವಯ್ಯನವರ ಕೈಯಲ್ಲಿ ಈ ಕಾಗದ ಕಳಿಸುತ್ತೇನೆ.

ಗಿಟಾರಿನ ಮಾತು ಎತ್ತಬೇಡ ಎಂದಿದ್ದೀಯ. ಗೊತ್ತು. ಎರಡು ವರ್ಷದ ಹಿಂದೆ, ನೀನಿನ್ನೂ ಕಾಫಿ ಮಿಲ್ಲಿನ ಕೆಲಸದಲ್ಲಿದ್ದಾಗ, ಕುಂದೂರಿನ ಆರತಕ್ಷತೆಯಲ್ಲಿ ಎರಡನೆಯ ಹಾಡಿಗೇ ನಿನ್ನ ಶ್ರುತಿ ನನ್ನ ಕೀಬೋರ್ಡಿಗೆ ಸೇರಲಿಲ್ಲ. ಜನರೆದುರೇ ತಂತಿ ಸಡಿಲಿಸಿ ಹೊಂದಿಸಿಕೊಂಡೆ. ವಿರಾಮ ಮುಗಿಸಿ ಬಂದರೆ ಮತ್ತೆ ಸೇರಲಿಲ್ಲ. ನಮ್ಮ ಆರ್ಕೆಸ್ಟ್ರಾದ ಯಜಮಾನರು ಮಹಾದೇವಯ್ಯ ಮೈಕಿನಲ್ಲೇ, "ಕಾಫಿ ಮಿಲ್ಲಿನ ಸದ್ದಿಗೆ ನಿನ್ ಕಿವಿ ಹೋಗ್ಬುಟ್ಟೈತೆ ಕಣೋ, ಇಳಿ ಮಾರಾಯ" ಅಂದರು. ಜನ ನಕ್ಕರು. ಅವತ್ತು ಚೀಲಕ್ಕೆ ಹಾಕಿದ ಗಿಟಾರನ್ನು ನೀನು ಇನ್ನೂ ಹೊರಗೆ ತೆಗೆದಿಲ್ಲ. ಆಮೇಲೆ ಈ ಕೆಲಸಕ್ಕೆ ಸೇರುವಾಗ ರೈಲ್ವೆ ಡಾಕ್ಟರು ಪರೀಕ್ಷಿಸಿ ಕಿವಿ ಸರಿಯಿದೆ ಎಂದು ಬರೆದುಕೊಟ್ಟರೂ ನೀನು ನಂಬಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ, ಹರಿದು ಹಾಕಬೇಡ, ಪೂರ್ತಿ ಓದು.

ಸಕಲೇಶಪುರದಲ್ಲಿ ಮೈಕ್‌ಸೆಟ್ ಬಾಡಿಗೆಗೆ ಕೊಡುವ ಹಬೀಬ್ ಸಾಬರ ಮಗ ಮುಬಾರಕ್ ಶುಕ್ರವಾರ ನಮ್ಮ ಪ್ರಾಕ್ಟೀಸಿಗೆ ಒಂದು ಗಿಟಾರ್ ತಂದಿದ್ದ. ಅಣ್ಣಾ, ಅದು ತಾನೇ ಶ್ರುತಿ ಮಾಡಿಕೊಳ್ಳುತ್ತದೆ! ಬಿರಡೆಗಳ ಹಿಂದೆ ಪುಟ್ಟ ಮೋಟರುಗಳಿವೆ. ಗುಂಡಿ ಒತ್ತಿ ಆರೂ ತಂತಿಗಳನ್ನು ಒಮ್ಮೆ ಮೀಟಿದರೆ ಸಾಕು, ಹೊಲಿಗೆ ಮಿಶೀನಿನಲ್ಲಿ ಬಾಬಿನ್ ಸುತ್ತುವಂಥ ಸದ್ದು ಮಾಡುತ್ತ ಬಿರಡೆಗಳು ತಾವೇ ತಿರುಗುತ್ತವೆ. ನಾನು ಗಡಿಯಾರ ನೋಡಿಕೊಂಡಿದ್ದೆ: ಮೊದಲ ಸಲ ಹದಿನಾಲ್ಕು ಸೆಕೆಂಡು, ಎರಡನೆಯ ಸಲ ಒಂಬತ್ತು. ಮಂಜು ಬಿದ್ದ ಬಯಲಿನಲ್ಲಿ ಹಾಡು ಹಾಡಿಗೂ ನೀನು ಪಡುತ್ತಿದ್ದ ಪಾಡು ನೆನಪಾಯಿತು. ಇನ್ನೊಂದು ತಿರುಗಿಸುವ ಗುಂಡಿಯಿದೆ. ಅದನ್ನು ತಿರುಗಿಸಿದರೆ ಅದೇ ಗಿಟಾರ್ ಮರದ ಹೊಟ್ಟೆಯ ಗಿಟಾರಿನಂತೆ ನುಡಿಯುತ್ತದೆ, ಮತ್ತೆ ತಿರುಗಿಸಿದರೆ ಹನ್ನೆರಡು ತಂತಿಯದರಂತೆ. ಇದಕ್ಕೆ ಮಾಡೆಲಿಂಗ್ ಎನ್ನುತ್ತಾರಂತೆ. ಜೀಪಿನಲ್ಲಿ ಮೂರು ಗಿಟಾರ್ ತುಂಬಿ, ಹಾಡುವ ಗಂಗಾಮಣಿಯಕ್ಕನನ್ನು ಅವುಗಳ ನಡುವೆ ಸಿಕ್ಕಿಸಿ ಕರೆದೊಯ್ಯುವ ಕಷ್ಟ ತಪ್ಪಿತು. ದೋಷವಿಲ್ಲವೆಂದಲ್ಲ. ಬ್ಯಾಟರಿ ಮುಗಿದರೆ ಮೋಟರು ಮೂಕ. ಹಳೆಯ ತಂತಿಯನ್ನು ದಾಕ್ಷಿಣ್ಯವಿಲ್ಲದೆ ಎಳೆದು ಕಡಿದೇಬಿಡುತ್ತದೆ. ಹನ್ನೆರಡು ತಂತಿಯ ನಾದ ಸ್ವಲ್ಪ ತೆಳು. ನಿನಗಾದರೆ ತಕ್ಷಣ ಗೊತ್ತಾಗುತ್ತಿತ್ತು.

ಇಷ್ಟಾಗಿಯೂ ಎರಡನೆಯ ಹಾಡಿಗೆ ಆ ಗಿಟಾರ್ ಕೂಡ ನನ್ನ ಕೀಬೋರ್ಡಿಗೆ ಸೇರಲಿಲ್ಲ! ಕೇಳಲಾಗದಷ್ಟು ಕರ್ಕಶ. ಮಹಾದೇವಯ್ಯ, "ತಗಳಪ್ಪ, ಈ ಮಿಶೀನಿನ ಕಿವೀನೂ ಕೆಟ್ಟೋಗೈತೆ" ಎಂದು ನಕ್ಕರು. ಮುಬಾರಕ್ ನಗಲಿಲ್ಲ. ಮತ್ತೆ ಗುಂಡಿ ಒತ್ತಿ ಮೀಟಿದ. ಮೋಟರು ಅಲುಗಲಿಲ್ಲ, ಆರೂ ತಂತಿ ಸರಿಯೆಂದು ಹಸಿರು ದೀಪ ಹತ್ತಿತು. "ಇದು ಸರಿಯಾಗೇ ಐತೆ ಕಣ್ರೀ ಮಹಾದೇವಣ್ಣ. ಬೇರೆ ಏನೋ ತಪ್ಪೈತೆ ನೋಡ್ರೀ" ಅಂದ.

ಬಸವಯ್ಯನವರು ಬಂದೇಬಿಟ್ಟರು. ಅಮ್ಮನ ಆಶೀರ್ವಾದ. ಅಕ್ಕಿರೊಟ್ಟಿ, ಚಟ್ನಿಪುಡಿ ಕಟ್ಟಿದ್ದಾಳೆ. ಕಾಡಿನ ದಾರಿಯಲ್ಲಿ ಒಬ್ಬನೇ ಓಡಾಡಬೇಡ, ಆನೆಗಳಿವೆ.

ನಿನ್ನ ತಂಗಿ,
ಬಿಂದುಶ್ರೀ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ. ಬಸವಯ್ಯನವರು ಕಾಫಿ ಕುಡಿಯುವಷ್ಟರಲ್ಲಿ ಬರೆದುಬಿಡುತ್ತೇನೆ. ಮೊದಲ ಹಾಡು ಗಂಗಾಮಣಿಯಕ್ಕನ ಪ್ರಾರ್ಥನೆ, ಅದಕ್ಕೆ ಕೀಬೋರ್ಡ್ ಮಾತ್ರ. ಮೇಲಿನ ಸ್ವರ ಅವರಿಗೆ ಎಟುಕುವುದಿಲ್ಲವೆಂದು ಗುಂಡಿ ಒತ್ತಿ ಕೀಬೋರ್ಡಿನ ಶ್ರುತಿಯನ್ನು ಅರ್ಧ ಸ್ವರ ಇಳಿಸುತ್ತೇನೆ. "ಯಾರ್ಗೂ ಹೇಳ್ಬ್ಯಾಡ ಕಣೇ ಬಿಂದು, ಮಾನ ಹೋಗ್ತದೆ" ಎಂದು ಆಣೆ ಹಾಕಿಸಿದ್ದರು. ಎರಡನೆಯ ಹಾಡಿಗೆ ಮೊದಲು ಅದನ್ನು ಏರಿಸಬೇಕು. ಶುಕ್ರವಾರ ಮರೆತಿದ್ದೆ. ಮುಬಾರಕ್ ಹಾಗೆಂದ ಮೇಲೆ ಕೀಬೋರ್ಡನ್ನು ಆರಿಸಿ ಮತ್ತೆ ಹಾಕಿದೆ. ಅದು ತಾನೇ ಮೂಲ ಶ್ರುತಿಗೆ ಬಂತು, ಗಿಟಾರಿಗೆ ಸರಿಯಾಗಿ ಸೇರಿತು. ಆಗಲೇ ಹೊಳೆಯಿತು. ಕುಂದೂರಿನಲ್ಲೂ ಅದೇ ಪ್ರಾರ್ಥನೆಯಾಗಿತ್ತು, ಇಳಿಸಿದ್ದನ್ನು ಏರಿಸಲು ಮರೆತಿದ್ದೆ, ನೀನು ತಂತಿ ಸಡಿಲಿಸಿ ಅದಕ್ಕೆ ಹೊಂದಿಸಿಕೊಂಡೆ. ವಿರಾಮದಲ್ಲಿ ನಾನು ಕೀಬೋರ್ಡ್ ಆರಿಸಿದ್ದೆ, ಮತ್ತೆ ಹಾಕಿದಾಗ ಅದು ತಾನೇ ಮೇಲೇರಿತ್ತು. ಎಲ್ಲರೆದುರೂ ಹೇಳಿದ್ದೇನೆ, ಗಂಗಾಮಣಿಯಕ್ಕ ಅತ್ತರು. ಮಹಾದೇವಯ್ಯ, "ಅವನ್ನ ಕರಿ. ಅದೇ ಮೈಕಲ್ಲಿ ನಾನೇ ತಪ್ಪಾಯ್ತು ಅಂತೀನಿ" ಎಂದರು. ಅಣ್ಣಾ, ಅವತ್ತು ನೀನು ಎರಡು ಸಲವೂ ಸರಿಯಾಗಿಯೇ ಕೇಳಿಸಿಕೊಂಡಿದ್ದೆ. ನನ್ನನ್ನು ಬೈಯುವುದಕ್ಕಾದರೂ ಬಾ.