ಹೆಡಿಗೆಯಡಿ ಒಂಬತ್ತು ಮರಿ

ಪದ್ಮಕ್ಕಾ,

ಪಕ್ಕದ ಮನೆಯಲ್ಲೇ ಇದ್ದ ಅಕ್ಕನಿಗೆ ಕಾಗದ ಬರೆಯುವ ಪ್ರಮೇಯ ಯಾವತ್ತೂ ಬರಲಿಲ್ಲ. ಹೇಳಬೇಕಾದ್ದನ್ನು ಹಿತ್ತಿಲಲ್ಲಿ ನಿಂತೇ ಹೇಳಬಹುದಿತ್ತು. ಹೇಳಲಿಲ್ಲ. ಈಗ ಬರೆಯುತ್ತಿದ್ದೇನೆ.

ಹೋದ ವರ್ಷ ದಸರಾ ಕಳೆದ ವಾರ ನೀನು ನನ್ನ ಜಗಲಿಗೆ ಬಂದಿದ್ದೆ. ನಮ್ಮಿಬ್ಬರ ಹಿತ್ತಿಲ ಹಿಂದಿನ ಚರಂಡಿಯಲ್ಲಿ ಪೊದೆ ಬೆಳೆದು ಸೊಳ್ಳೆ ತುಂಬಿದೆ ಎಂದು ನಾನು ಪಟ್ಟಣ ಪಂಚಾಯಿತಿಗೆ ಅರ್ಜಿ ಬರೆಯುತ್ತಿದ್ದೆ. "ಹದಿನೈದು ದಿನ ತಡ್ಕೊ ಮಾರಾಯ. ಅಲ್ಲಿ ಕಾಡುಬಾತು ಕಾವಿಗೆ ಕೂತಿದೆ" ಎಂದೆ ನೀನು. "ಡೆಂಗ್ಯೂ ಬಂದ್ರೆ ನಿನ್ನ ಬಾತು ಬಂದು ಗಂಜಿ ಕೊಡ್ತದಾ?" ಎಂದು ನಾನು ನಕ್ಕೆ. ಕೊಪ್ಪದಲ್ಲಿ ಯಾವ ಗದ್ದೆ ಯಾವ ವರ್ಷ ಸೈಟಾಯಿತು ಎಂದು ಬಾಯಿಪಾಠ ಒಪ್ಪಿಸಿ ಕಂಡವರ ಮೇಲೆಲ್ಲ ಕೂಗಾಡುವವನು ನಾನು. ಅಂಥವನಿಗೆ ಒಂದು ಹಕ್ಕಿಗೆ ಹದಿನೈದು ದಿನ ಬಿಟ್ಟುಕೊಡಲು...

ಅರ್ಜಿ ಕೊಟ್ಟ ನಾಲ್ಕನೇ ದಿನಕ್ಕೆ ಜೆಸಿಬಿ ಬಂತು. ಸಂಜೆ ನೀನು ಕೇಳಿದ್ದು ಇಷ್ಟೇ: "ನಿನ್ನ ಅರ್ಜಿಗೆ ಇಷ್ಟು ಬೇಗ ಉತ್ತರ ಬಂದಿದ್ದು ಇದೇ ಮೊದಲು, ಅಲ್ವನಾ?" ಆಮೇಲೆ ಆ ಮಾತನ್ನು ನೀನು ಎತ್ತಲಿಲ್ಲ. ಮಾಘದಲ್ಲಿ ನೀನೇ ಹೋದೆ.

ಈ ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಬಾತು ನನ್ನ ಹಿತ್ತಿಲ ಕೆಸುವಿನ ಮರೆಯಲ್ಲಿ ಕೂತಿತು. ಅದೇ ಬಾತೋ ಬೇರೆಯದೋ, ಹೇಗೆ ತಿಳಿಯಲಿ? ಕಣ್ಣಿಗೆ ಬಿದ್ದಂದಿನಿಂದ ಹದಿನೆಂಟು ದಿನ ನಾನು ಆ ಕಡೆ ಕಾಲಿಡಲಿಲ್ಲ. ಮೊನ್ನೆ ಬೆಳಿಗ್ಗೆ ಒಂಬತ್ತು ಮರಿ ತಾಯಿಯ ಹಿಂದೆ ಹೊರಟವು. ಸುತ್ತ ನಾನೇ ಕಟ್ಟಿಸಿದ ಕಾಂಪೌಂಡು. ತಾಯಿ ಹಾರಿ ಆಚೆ ಇಳಿದು ಕರೆಯಿತು. ಮರಿಗಳು ಗೋಡೆಯ ಬುಡದಲ್ಲೇ ಓಡಾಡಿದವು. ಮೇಲೆ ಕಾಗೆ. ನೀನು ಕೋಳಿಮರಿಗಳಿಗೆ ಮಾಡುತ್ತಿದ್ದ ಹಾಗೆ ಒಂಬತ್ತನ್ನೂ ಹಿಡಿದು ಬಿದಿರಿನ ಹೆಡಿಗೆ ಕವುಚಿದೆ, ಮೇಲೊಂದು ಕಲ್ಲಿಟ್ಟೆ. ತಾಯಿ ಬಂದು ಪಕ್ಕದಲ್ಲಿ ಕೂರುತ್ತದೆ ಎಂದು ಕಾದೆ. ಮಧ್ಯಾಹ್ನವಾದರೂ ಬರಲಿಲ್ಲ.

ಗಿರಿಜ ಪಾತ್ರೆ ತೊಳೆಯಲು ಬಂದವಳು ಹೆಡಿಗೆ ನೋಡಿ ಹಣೆ ಚಚ್ಚಿಕೊಂಡಳು. ನೀನಿದ್ದಾಗ ನಿನ್ನ ಮುಂದೆ ಮೆತ್ತಗಿದ್ದಳು, ಈಗ ನನ್ನನ್ನು ಬಯ್ಯುವ ಕೆಲಸವನ್ನೂ ಅವಳೇ ವಹಿಸಿಕೊಂಡಿದ್ದಾಳೆ. "ಇದೆಂತ ಊರಕೋಳಿಯಾ ಅಯ್ಯ, ಮುಚ್ಚಿ ಹಾಕಕ್ಕೆ? ಕಾಡು ಜೀವ, ನಿಮ್ಮ ಹತ್ರ ಬತ್ತದಾ? ಅಷ್ಟು ಪೇಪರ್ ಓದ್ತೀರಿ!" ಹೆಡಿಗೆ ಎತ್ತಿದಾಗ ಒಂದು ಮರಿ ಏಳಲಿಲ್ಲ.

ಹಾರೆ ತಂದು ಗೋಡೆಯ ಬುಡದ ಎರಡು ಕಲ್ಲು ಕಿತ್ತೆ. ಕೈಯೆಲ್ಲ ಬೊಬ್ಬೆ ಬಂತು. ನಾವಿಬ್ಬರೂ ದೂರ ಸರಿದೆವು. ತುಂಬ ಹೊತ್ತಾದ ಮೇಲೆ ತಾಯಿ ಆ ತೂತಿನ ಬಳಿ ಬಂದು ಕರೆಯಿತು. ಎಂಟೂ ನುಸುಳಿದವು. ಕೆರೆಗೆ ರಸ್ತೆ ದಾಟಬೇಕಲ್ಲ, ನಾನು ನಡುವೆ ನಿಂತು ಎರಡೂ ಕೈ ಚಾಚಿದೆ. ಆಟೋದವನು ತಲೆ ಹೊರಗೆ ಹಾಕಿ, "ಎಂತ ಅಯ್ಯ, ದಿಬ್ಬಣ ನಿಮ್ಮ ಕಡೇದಾ?" ಎಂದ. ಆದರೂ ಇಂಜಿನ್ ಆಫ್ ಮಾಡಿದ. ಎಂಟೂ ನೀರಿಗಿಳಿದವು. ನೀನು ನೋಡಬೇಕಿತ್ತು.

ಆ ತೂತನ್ನು ನಾನಿರುವ ತನಕ ಮುಚ್ಚುವುದಿಲ್ಲ. ಇದನ್ನು ಹೇಳಲಿಕ್ಕಾಗಿಯೇ ಕಾಗದ ಬರೆಯಲು ಕೂತೆ ಅಂದುಕೊಂಡಿದ್ದೆ. ಅದಲ್ಲ.

ಹೋದ ವರ್ಷ ಜೆಸಿಬಿ ಹೋದ ಮೇಲೆ ನಾನು ಚರಂಡಿಗೆ ಇಳಿದು ನೋಡಿದ್ದೆ ಅಕ್ಕ. ಎರಡು ಮೊಟ್ಟೆ ಒಡೆದಿರಲಿಲ್ಲ. ಮುಟ್ಟಿದೆ, ಇನ್ನೂ ಬೆಚ್ಚಗಿದ್ದವು. ನಿನ್ನ ಕೊಟ್ಟಿಗೆಯಲ್ಲಿ ಕೋಳಿ ಕಾವಿಗೆ ಕೂತಿತ್ತು, ನನಗೆ ಗೊತ್ತಿತ್ತು. ತಂದುಕೊಟ್ಟಿದ್ದರೆ ನೀನು ಒಂದು ಮಾತೂ ಆಡದೆ ಅದರ ಅಡಿ ಇಡುತ್ತಿದ್ದೆ. ಆದರೆ ತಪ್ಪು ನನ್ನದೆಂದು ನಿನ್ನೆದುರು ಒಪ್ಪಿಕೊಂಡ ಹಾಗಾಗುತ್ತಿತ್ತು. ಮೇಲೆ ನಾಲ್ಕು ಹಿಡಿ ಸೊಪ್ಪು ಎಳೆದು, ಕಾಲು ತೊಳೆದುಕೊಂಡು, ನಿನ್ನ ಮನೆಗೇ ಕಾಫಿಗೆ ಬಂದೆ.

ನಿನ್ನ ತಮ್ಮ