ನಲವತ್ತೆರಡನೆಯ ಕಂತು ಎಲ್ಲಿ?

ಕೇಳುಮನೆ, ರಾಣೆಬೆನ್ನೂರು ಮೇಲೂರು
ಫೆಬ್ರವರಿ 30, 2318

ಇನ್ನೂ ಹುಟ್ಟದವಳ ನಮಸ್ಕಾರ.

ತಾರೀಖು ನೋಡಿ ನಗಬೇಡಿ, ನಮ್ಮ ಕಾಲದಲ್ಲಿ ಫೆಬ್ರವರಿಗೂ ಮೂವತ್ತು ದಿನ. ನನ್ನ ಮಾತು ಅಲ್ಲಲ್ಲಿ ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ ಕನ್ನಡವನ್ನು ನಾನು ಕಲಿತದ್ದು ನಿಮ್ಮ ಪಾಡ್‌ಕಾಸ್ಟ್‌ಗಳಿಂದಲೇ. ಈ ಕಾಗದ ಹಿನ್ನಂಚೆಯಲ್ಲಿ ಬರುತ್ತಿದೆ. ಅಂದರೆ ಹಿಂದಿನ ಕಾಲಕ್ಕೆ ಹೋಗುವ ಅಂಚೆ. ಜನ್ಮಕ್ಕೊಂದೇ ಹಾಳೆ. ಬರೆದ ಸಾಲು ಬರೆದ ಕೂಡಲೇ ನಿಮಗೆ ಮುಟ್ಟುತ್ತದೆ, ಹೊಡೆದುಹಾಕುವಂತಿಲ್ಲ. ಹಾಗಾಗಿ ಪ್ರತಿ ಸಾಲನ್ನೂ ಮೊದಲು ಬಾಯಲ್ಲಿ ಹೇಳಿ ನೋಡಿ ಬರೆಯುತ್ತಿದ್ದೇನೆ.

ಕೇಳುಮನೆ ಎಂದರೆ ನಿಮ್ಮ ಕಾಲದ ದನಿಗಳನ್ನು ಕಾಪಾಡುವ ಜಾಗ. ದಿನಾ ಬೆಳಿಗ್ಗೆ ಅರವತ್ತು ಮನೆಯವರು ಮೆಣಸಿನಕಾಯಿ ತೊಟ್ಟು ಬಿಡಿಸುತ್ತಾ, ಸೊಪ್ಪು ಸೋಸುತ್ತಾ, ಒಂದೇ ಸ್ಪೀಕರಿನ ಸುತ್ತ ಕೂರುತ್ತೇವೆ. ಕಿವಿಗೆ ಸಿಕ್ಕಿಸಿಕೊಂಡು ಒಬ್ಬರೇ ಕೇಳುವುದೆಂದರೆ ನಮ್ಮಲ್ಲಿ ಬಾಗಿಲು ಹಾಕಿಕೊಂಡು ಹೋಳಿಗೆ ತಿಂದಂತೆ. ಹಳೆಯ ದನಿಗಳು ಸವೆಯುತ್ತಿವೆ, ಎಲ್ಲವನ್ನೂ ಹೊಸದಾಗಿ ನಕಲು ಮಾಡಲು ಜಾಗವಿಲ್ಲ. ಅದಕ್ಕೇ ಇದನ್ನು ಉಳಿಸಿ ಎಂದು ಹೇಳಲು ಒಬ್ಬೊಬ್ಬರಿಗೆ ಬದುಕಿನಲ್ಲಿ ಮೂರೇ ಶಿಫಾರಸು. ಯಾರೂ ಹೇಳದ್ದನ್ನು ಅಳಿಸಿಬಿಡುತ್ತಾರೆ.

ಮೊದಲನೆಯದನ್ನು ನಾನು ಹತ್ತೊಂಬತ್ತರ ವಯಸ್ಸಿನಲ್ಲಿ ಹಾಳುಮಾಡಿಕೊಂಡೆ. ನಿಮ್ಮ ಹಾಗೆಯೇ ಇಮ್ಮಡಿ ವೇಗದಲ್ಲಿ ಓಡಿಸಿ ಕೇಳಿದ್ದೆ; ನಮ್ಮಲ್ಲಿ ಅದು ನಿಷಿದ್ಧ. ಯಶಸ್ಸಿನ ಗುಟ್ಟು ಹೇಳುವ ಮಹಾಶಯ, ಲಕ್ಷಗಟ್ಟಲೆ ಕೇಳುಗರು. ಎಲ್ಲರ ಮುಂದೆ ಸರಿಯಾದ ವೇಗದಲ್ಲಿ ಹಾಕಿದರೆ, ಅಯ್ಯೋ ದೇವರೇ, ಬೇಗ ಏಳಿ ಎನ್ನುವುದೊಂದನ್ನೇ ಆ ಪುಣ್ಯಾತ್ಮ ಮೂರು ತಾಸು ಹೇಳಿದ್ದ. ಇಂದಿಗೂ ನಾನು ಬೀದಿಗಿಳಿದರೆ "ಬೇಗ ಎದ್ದೇನಬೇ?" ಎಂದು ಕಾಲೆಳೆಯುತ್ತಾರೆ. ಎರಡನೆಯದು ಪರವಾಗಿಲ್ಲ, ಇಬ್ಬರು ಗೆಳೆಯರು ಊರೂರಿನ ಖಾನಾವಳಿಗಳಲ್ಲಿ ಉಂಡು ರುಚಿಯ ಬಗ್ಗೆ ಜಗಳಾಡುವುದು. ಸಿಕ್ಕರೆ ಕೇಳಿ, ನಕ್ಕು ಸಾಯುತ್ತೀರಿ.

ಮೂರನೆಯದರಲ್ಲಿ ನನ್ನ ಜೀವ ಸಿಕ್ಕಿಕೊಂಡಿದೆ. "ತಡೀರಿ, ಲೈನ್ ಕೊಡ್ತೀನಿ" ಎಂದು ಅದರ ಹೆಸರು. ಒಂದು ಕಾಲಕ್ಕೆ ಟ್ರಂಕ್ ಕಾಲ್ ಜೋಡಿಸುತ್ತಿದ್ದ ನಿವೃತ್ತ ಆಪರೇಟರ್ ಕಸ್ತೂರಿ ಬಣಕಾರ ತಮ್ಮ ಅಡುಗೆಮನೆಯಲ್ಲಿ ಕುಳಿತು ಮಾತಾಡುತ್ತಾರೆ. ನಡುವೆ ಕುಕ್ಕರ್ ಕೂಗಿದರೆ "ಸುಮ್ನಿರ ನೀ" ಎಂದು ಅದನ್ನೂ ಗದರುತ್ತಾರೆ. ಕೇಳುಗರು ನಾಲ್ಕೇ ಜನ. ನಲವತ್ತೊಂದನೆಯ ಕಂತಿನಲ್ಲಿ ಒಬ್ಬ ತಾಯಿ, ಹನ್ನೊಂದು ವರ್ಷದಿಂದ ಮಾತು ಬಿಟ್ಟ ಮಗಳಿಗೆ ಪುಣೆಗೆ ಕಾಲ್ ಬುಕ್ ಮಾಡುತ್ತಾಳೆ. ಮಧ್ಯಾಹ್ನವೆಲ್ಲ ಕಾದ ಮೇಲೆ ಲೈನ್ ಸಿಗುತ್ತದೆ. "ಹಲೋ, ನಾನು, ನಿಮ್ಮವ್ವ" ಎನ್ನುವಷ್ಟರಲ್ಲಿ ಮಗಳು ಫೋನ್ ಇಟ್ಟುಬಿಡುತ್ತಾಳೆ. ಕಸ್ತೂರಿಯಕ್ಕ ಹೇಳುತ್ತಾರೆ: "ಆಮ್ಯಾಲೆ ನಾ ಮಾಡಬಾರದ್ದೊಂದು ಕೆಲಸಾ ಮಾಡಿದೆನ್ರಿ. ಅದನ್ನ ಮುಂದಿನ ವಾರ ಹೇಳ್ತೀನ್ರಿ."

ಆ ಮುಂದಿನ ವಾರ ಬರಲೇ ಇಲ್ಲ.

ಏನು ಮಾಡಿದರು ಈ ಮಹಾತಾಯಿ? ತಾವೇ ಮತ್ತೆ ಲೈನ್ ಹಚ್ಚಿ ಮಗಳನ್ನು ಬೈದರೇ? ಮಗಳ ದನಿ ಮಾಡಿ ತಾಯಿಯನ್ನು ಸಮಾಧಾನಪಡಿಸಿದರೇ? ಉಂಡದ್ದು ಮೈಗೆ ಹತ್ತುತ್ತಿಲ್ಲ. ಸುಳ್ಳೇಕೆ ಹೇಳಲಿ, ನನ್ನ ಮಗಳು ನನ್ನೊಡನೆ ಮಾತು ಬಿಟ್ಟು ನಾಲ್ಕು ವರ್ಷವಾಯಿತು. ಅವರು ಮಾಡಿದ್ದೇನೆಂದು ತಿಳಿದರೆ ನಾನೂ ಅದನ್ನೇ ಮಾಡಿ ನೋಡುತ್ತೇನೆ.

ಅರ್ಧಕ್ಕೆ ನಿಂತದ್ದನ್ನು ಉಳಿಸಬಾರದೆಂಬುದು ನಮ್ಮ ಕಟ್ಟಳೆ. ಕೇಳುಮನೆಯ ಹಿರಿಯಳು ನೀಲಗಂಗಮ್ಮನ ಕಾಲಿಗೆ ಬಿದ್ದು ಬೇಡಿದೆ. "ಕೊನಿ ಇಲ್ಲದ್ದನ್ನ ಇಟ್ಕೊಂಡು ಊರ ಮಂದಿಗೆಲ್ಲಾ ನಿನ್ನಂಗ ಹುಚ್ಚು ಹಿಡಸ್ತೀಯೇನವ್ವಾ?" ಎಂದಳು. ಇವತ್ತು ದೀಪ ಹಚ್ಚುವ ಹೊತ್ತಿಗೆ ನಲವತ್ತೊಂದು ಕಂತೂ ಅಳಿಸಿಹೋಗುತ್ತವೆ.

ನಿಮ್ಮಲ್ಲಿ ಕಸ್ತೂರಿಯಕ್ಕ ಇನ್ನೂ ಇದ್ದಾರೆ. ಹುಡುಕಿ ಕೇಳಿ, ಓಡಿಸದೆ ಕೇಳಿ. ಆ ಕಂತಿನ ಕೆಳಗೆ ಒಂದೇ ಒಂದು ಸಾಲು ಬರೆಯಿರಿ: ಮುಂದೇನಾತ್ರಿ ಅಕ್ಕಾರ? ಆ ನಾಲ್ವರಲ್ಲಿ ಒಬ್ಬರೂ ಅದನ್ನು ಬರೆಯಲಿಲ್ಲ. ತಮ್ಮ ಮಾತು ಯಾರಿಗೂ ಬೇಡವಾಯಿತೆಂದೇ ಅವರು ಸುಮ್ಮನಾಗಿರಬೇಕು.

ನೀವು ಬರೆದು ಅವರು ಹೇಳಿದ ಕ್ಷಣವೇ, ನಲವತ್ತೆರಡನೆಯ ಕಂತು ಮೊದಲಿನಿಂದಲೂ ಇದ್ದಂತೆ ನಮ್ಮ ಕಪಾಟಿನಲ್ಲಿ ಕಾಣಿಸಬೇಕು. ಈಗಷ್ಟೇ ಎದ್ದು ಹೋಗಿ ನೋಡಿ ಬಂದೆ. ನಲವತ್ತೊಂದೇ ಇದೆ. ನೀಲಗಂಗಮ್ಮ ಆಗಲೇ ಬತ್ತಿ ಹೊಸೆಯುತ್ತಿದ್ದಾಳೆ. ಅಂದರೆ ನೀವಿನ್ನೂ ನನ್ನ ಕಾಗದ ಓದುತ್ತಾ ಕೂತಿದ್ದೀರಿ.

ಸಾಕು, ಎದ್ದೇಳ್ರಿ!

ಸುನಂದಾ ಮೆಣಸಿನಕಾಯಿ