ಉತ್ತರ ಹೋದ ವರ್ಷದ್ದು

ಮನೆ, ಬೀದಿ ಕಡೆಯ ಕೋಣೆ
ಭಾನುವಾರ, ಅಕ್ಟೋಬರ್ ೫

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಬಲಭುಜದ ನೋವು ಕಡಿಮೆಯಾಯಿತೇ? ದಿನವಿಡೀ ಬಂದರಿನ ಕ್ರೇನಿನ ಗಾಜಿನ ಗೂಡಿನಲ್ಲಿ ಕುಳಿತು, ಬಗ್ಗಿ ಕೆಳಗಿನ ಹಡಗನ್ನೇ ನೋಡುವವರಿಗೆ ಭುಜಕ್ಕಿಂತ ಮೊದಲು ಕತ್ತು ಹೋಗುತ್ತದೆ ಎಂಬುದು ಅಮ್ಮನ ಅಭಿಪ್ರಾಯ. ಅಮ್ಮ ಕ್ರೇನನ್ನು ಹತ್ತಿರದಿಂದ ಕಂಡವಳಲ್ಲ. ಆದರೆ ನಿವೃತ್ತಿಯಾಗುವವರೆಗೂ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಕೂತವಳಾದ್ದರಿಂದ ಕತ್ತಿನ ವಿಷಯದಲ್ಲಿ ಅವಳ ಮಾತಿಗೆ ಎದುರಾಡುವಂತಿಲ್ಲ. ಬಿಸಿನೀರಿನ ಚೀಲ ಇಟ್ಟುಕೊಳ್ಳಬೇಕಂತೆ. ಇಲ್ಲಿ ನಾವು ಮೂವರೂ ಚೆನ್ನಾಗಿದ್ದೇವೆ. ಹವೆ ಬದಲಾದಾಗ ಅಮ್ಮನ ಮಂಡಿ ತಾನಿನ್ನೂ ಇದ್ದೇನೆಂದು ನೆನಪಿಸುತ್ತದೆ. ನಿನ್ನ ಮಗಳಿಗೆ ಒಂದು ಕೋರೆಹಲ್ಲು ಬಿದ್ದಿದೆ, ಎರಡು ಬೆರಳಿನಷ್ಟು ಎತ್ತರ ಹೆಚ್ಚಿದೆ. ನಾನು ಈ ಬಾರಿಯೂ ತರಗತಿಗೆ ಮೊದಲು ಬಂದಿದ್ದೇನೆ. ಇದು ಸುದ್ದಿಯಲ್ಲವೆಂದು ನನಗೂ ಗೊತ್ತು, ಆದರೂ ದಾಖಲೆಯಲ್ಲಿರಲಿ.

ಫೋನಿನಲ್ಲಿ ಹೇಳಬಹುದಾದದ್ದಕ್ಕೆ ಕಾಗದವೇಕೆ ಎಂದು ನೀನು ಕೇಳಬಹುದು. ಸಂದೇಶ ಕಳಿಸಿದರೆ ನೀನು ಹೆಬ್ಬೆರಳಿನ ಚಿತ್ರ ಕಳಿಸಿ ವಿಷಯ ಮುಗಿಸುತ್ತೀಯ. ಕಾಗದಕ್ಕೆ ಹೆಬ್ಬೆರಳು ತೋರಿಸಲು ಬರುವುದಿಲ್ಲ. ಅಲ್ಲದೆ ವಿಷಯ ತುಸು ಉದ್ದವಾಗಿದೆ. ಅದನ್ನು ನಡೆದ ಕ್ರಮದಲ್ಲೇ, ನನ್ನದೇನನ್ನೂ ಬೆರೆಸದೆ ತಿಳಿಸಬೇಕೆಂದು ಕುಳಿತಿದ್ದೇನೆ. ಇದನ್ನು ದೂರು ಎಂದು ಓದಬೇಡ, ವರದಿ ಎಂದು ಓದು.

ರಾಷ್ಟ್ರೀಯ ಗ್ರಂಥಾಲಯದವರು ಆನ್‌ಲೈನಿನಲ್ಲಿ ಪಾಠಗಳನ್ನು ನಡೆಸುತ್ತಾರೆ. ಅವರಿರುವ ಊರಿಗೆ ಹೋಗಬೇಕಾಗಿಲ್ಲ, ಶುಲ್ಕವಿಲ್ಲ, ಯಾವ ವಯಸ್ಸಿನವರೂ ಸೇರಬಹುದು. ಹಳೆಯ ಭೂಪಟ ಓದುವುದು, ಹರಿದ ಪುಟಕ್ಕೆ ತೇಪೆ ಹಾಕುವುದು, ಹಿಂದಿನವರ ಕೈಬರಹವನ್ನು ಬಿಡಿಸುವುದು, ಹೀಗೆ ಹಲವಾರಿವೆ. ಕೈಬರಹದ ಪಾಠವನ್ನು ನಾನು ಮುಗಿಸಿದ್ದೇನೆ; ಕೊನೆಯ ಪರೀಕ್ಷೆಯಲ್ಲಿ ಒಂದೂ ತಪ್ಪಿಲ್ಲ. ಮಕ್ಕಳಿಗೆಂದು ‘ಮನೆಯವರ ಮಾತು’ ಎಂಬ ಪಾಠವಿದೆ. ಮಗು ತನ್ನ ಮನೆಯ ಒಬ್ಬರನ್ನು ಅವರ ಕೆಲಸದ ಬಗ್ಗೆ ಮಾತನಾಡಿಸಿ ಧ್ವನಿ ಮುದ್ರಿಸಬೇಕು. ಸರಿಯಾಗಿ ಮಾಡಿದ್ದನ್ನು ಗ್ರಂಥಾಲಯ ಶಾಶ್ವತವಾಗಿ ಇಟ್ಟುಕೊಳ್ಳುತ್ತದೆ. ಶಾಲೆಯಿಂದ ಬಂದ ಮೇಲೆ ನಮ್ಮ ಪಿಟೀಲು, ನಿನ್ನ ಮಗಳು, ಸುಮ್ಮನೆ ಮನೆಯವರ ತಲೆ ತಿನ್ನುವುದಕ್ಕಿಂತ ಇದು ಮೇಲೆಂದು ನಾನೇ ಸೇರಿಸಿದೆ. ತೊಟ್ಟಿಲಲ್ಲಿ ಕುಯ್ದದ್ದಕ್ಕೆ ಭಾವ ಇಟ್ಟ ಆ ಹೆಸರನ್ನು ನೀನು ವಿದೇಶಕ್ಕೆ ಹೋದ ಮೇಲೂ ಉಳಿಸಿಕೊಂಡು ಬಂದಿದ್ದಾಳೆ. ಆದರೆ ಈ ಪಾಠಕ್ಕೆ ಕೂತಾಗ ಮಾತ್ರ ಸದ್ದಿಲ್ಲ. ಪರದೆಯ ತುಂಬ ಮಕ್ಕಳ ಚಿಕ್ಕ ಚಿಕ್ಕ ಚೌಕ, ಮೂಲೆಯಲ್ಲಿ ಗ್ರಂಥಾಲಯದ ಮೇಡಂ. ಮೇಡಂ ಏರುದನಿಯಲ್ಲಿ ಮಾತನಾಡುವುದಿಲ್ಲ. ಆದರೂ ಗದ್ದಲದ ಹುಡುಗರೆಲ್ಲ ಬಾಯಿಗೆ ಬೀಗ ಹಾಕಿಕೊಂಡು ಕೂರುತ್ತಾರೆ. ಈ ವಿದ್ಯೆ ನಮ್ಮ ಪ್ರಾಧ್ಯಾಪಕರಿಗೂ ಬರುವುದಿಲ್ಲ.

ಯಾರನ್ನು ಮಾತನಾಡಿಸುತ್ತೀಯ ಎಂದು ಕೇಳಿದಾಗ ಅಮ್ಮ ಆಗಲೇ ತಲೆ ಬಾಚಿಕೊಂಡು ಸಿದ್ಧಳಾಗಿದ್ದಳು. “ಧ್ವನಿಗೆ ಯಾಕಜ್ಜಿ ತಲೆ ಬಾಚಬೇಕು?” ಎಂದಳು ಇವಳು. “ಬಾಚದೆ ಮಾತಾಡಿದ್ರೆ ಆ ಕಡೆಯವರಿಗೆ ಗೊತ್ತಾಗುತ್ತೆ. ಎಷ್ಟು ಜನರ ಮಾತು ಕೇಳಿದೀನಿ ನಾನು,” ಎಂದಳು ಅಮ್ಮ. ಅದಕ್ಕೆ ನಿನ್ನ ಮಗಳು, “ಅಜ್ಜಿ ಪಕ್ಕದ ರೂಮಲ್ಲೇ ಇರ್ತಾರೆ. ಅವರನ್ನ ಯಾವಾಗ ಬೇಕಾದ್ರೂ ಕೇಳಬಹುದು,” ಎಂದು ತೀರ್ಪು ಕೊಟ್ಟಳು. ಹಾಗಾದರೆ ನನ್ನನ್ನು ಕೇಳು ಎಂದೆ. “ನೀನು ಇನ್ನೂ ಏನೂ ಕೆಲಸ ಮಾಡಿಲ್ವಲ್ಲ ಚಿಕ್ಕಮ್ಮ. ಬರೀ ಫಸ್ಟ್ ಬಂದಿದ್ದೀಯ.” ಅಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕದ್ದು ನನಗೆ ಕಾಣಿಸಿತು. ಆ ಮಾತಿಗೆ ನನ್ನ ಬಳಿ ಉತ್ತರವಿದೆ. ಒಂಬತ್ತು ವರ್ಷದವಳ ಮೇಲೆ ಅದನ್ನು ಖರ್ಚು ಮಾಡಲು ಮನಸ್ಸಾಗಲಿಲ್ಲ.

ಅವಳು ಆರಿಸಿಕೊಂಡದ್ದು ನಿನ್ನನ್ನು. ಎರಡು ಬಾರಿ ನಿನಗೆ ಧ್ವನಿ ಸಂದೇಶ ಕಳಿಸಿ, ಯಾವಾಗ ಮಾತಾಡ್ತೀಯ ಎಂದು ಕೇಳಿದಳು. “ನೋಡೋಣ ಕಂದ, ಈ ವಾರ ಡಬಲ್ ಪಾಳಿ,” ಎಂದೆ ನೀನು, ಎರಡನೆಯ ಸಲ, “ಅಜ್ಜಿ ಇದಾರಲ್ಲ, ಅವರನ್ನೇ ಕೇಳು.” ಮೂರನೆಯ ಸಲ ಅವಳು ಕಳಿಸಲಿಲ್ಲ. ನಾನು ಎರಡು ಪುಟ ಪ್ರಶ್ನೆ ಬರೆದುಕೊಟ್ಟಿದ್ದೆ, ಪೀಠಿಕೆಯೊಂದಿಗೆ. ಅದನ್ನು ಮಡಿಸಿ ಮೇಜಿನ ಕುಂಟುವ ಕಾಲಿನ ಕೆಳಗಿಟ್ಟಳು. ಆಮೇಲೆ ಕೆಲವು ದಿನ ಸಂಜೆ ಹೊತ್ತು ಬಟ್ಟೆಯ ಬೀರುವಿನೊಳಗೆ ಹೋಗಿ ಕೂರತೊಡಗಿದಳು. ಇದು ಹುಚ್ಚಲ್ಲ. ತೂಗುಹಾಕಿದ ಬಟ್ಟೆಗಳ ನಡುವೆ ಕೂತು ಮಾತನಾಡಿದರೆ ಪ್ರತಿಧ್ವನಿ ಬರುವುದಿಲ್ಲವೆಂದು ಮೇಡಂ ಹೇಳಿಕೊಟ್ಟಿದ್ದರು. ಮುದ್ರಿಸಿದ್ದರಲ್ಲಿ ಕೆಮ್ಮನ್ನು ಕತ್ತರಿಸುವುದು ಹೇಗೆ, ಎರಡು ತುಣುಕು ಜೋಡಿಸುವುದು ಹೇಗೆ ಎಂಬುದೂ ಪಾಠದಲ್ಲಿತ್ತು. ಅಷ್ಟು ವಿದ್ಯೆ ಅವಳಿಗೆ ಸಾಕಾಯಿತು.

ಕಳೆದ ಗುರುವಾರ ಮಕ್ಕಳೆಲ್ಲ ತಮ್ಮ ತಮ್ಮದನ್ನು ಕೇಳಿಸಬೇಕಿತ್ತು. ಎದುರಿಗಿರುವವರು ಯಾರೇ ಆಗಲಿ, ಸಂದರ್ಶನದಲ್ಲಿ ‘ನೀವು’ ಎನ್ನಬೇಕು ಎಂಬುದು ಮೇಡಂ ಮಾಡಿದ ನಿಯಮ. ಬೇಕರಿಯವರ ಮಗಳೊಬ್ಬಳು ತನ್ನ ಅಪ್ಪನಿಗೆ ‘ನೀವು’ ಎನ್ನಲು ಹೋಗಿ ಮೂರು ಕಡೆ ನಕ್ಕುಬಿಟ್ಟಿದ್ದಳು. ಮತ್ತೊಬ್ಬಳ ಅಜ್ಜ ಗಡಿಯಾರ ರಿಪೇರಿಯವರು. ಮೊಮ್ಮಗಳ ಮರ್ಯಾದೆಗೆ ಗಾಬರಿಯಾಗಿ ಅವರೂ ಅವಳಿಗೆ ‘ನೀವು’ ಎಂದುಬಿಟ್ಟರು. ಪಿಟೀಲು ಎಲ್ಲಿಯೂ ಎಡವಲಿಲ್ಲ.

“ನೀವು ಮಾಡುವ ಕೆಲಸ ಯಾವುದು?” ಎಂದು ಬೀರುವಿನೊಳಗಿನ ಅವಳ ದನಿ. ಅದರ ಹಿಂದೆಯೇ ನಿನ್ನ ದನಿ: “ಈಗ ಮೇಲೆ ಇದೀನಿ ಕಣೇ, ಕೆಳಗೆ ಇಳಿದ ಮೇಲೆ ಮಾತಾಡ್ತೀನಿ.” ಕ್ರೇನ್ ನಡೆಸುವವರಿಗೆ ಇದು ಒಪ್ಪುವ ಉತ್ತರವೇ ಆದ್ದರಿಂದ ಮೇಡಂ ತಲೆದೂಗಿದರು. “ಮೇಲಿನಿಂದ ನಿಮಗೆ ಏನೇನು ಕಾಣಿಸುತ್ತದೆ?” “ಏನೂ ಇಲ್ಲ, ಬರೀ ಮಂಜು. ಊಟ ಮಾಡಿದ್ಯಾ?” ಕೆಲವು ಚೌಕಗಳಲ್ಲಿ ನಗು. “ನಿಮ್ಮ ಕೆಲಸದಲ್ಲಿ ಎಲ್ಲಕ್ಕಿಂತ ಕಷ್ಟವಾದದ್ದು ಯಾವುದು?” “ಹಲ್ಲುಜ್ಜು ಅಂದ್ರೆ ಉಜ್ಜಬೇಕು. ವಾದ ಬೇಡ.” ಈಗ ಎಲ್ಲ ಚೌಕಗಳಲ್ಲೂ ನಗು, ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅಮ್ಮನೂ ನಕ್ಕಳು, ನಾನೂ ನಕ್ಕೆ. ಆಮೇಲೆ ಕೊನೆಯ ಪ್ರಶ್ನೆ. ನಾನು ಬರೆದುಕೊಟ್ಟದ್ದರಲ್ಲಿ ಅದು ಇರಲಿಲ್ಲ. “ಅಪ್ಪ ತೀರಿಕೊಂಡ ಮೇಲೆ ನೀವು ಅಷ್ಟು ದೂರ ಯಾಕೆ ಹೋದಿರಿ?” ಉತ್ತರದ ಜಾಗದಲ್ಲಿ ಮೊದಲು ಗಾಳಿಯ ಸದ್ದು, ಅದರೊಳಗಿಂದ ನೀನು: “ಇಲ್ಲಿ ಗಾಳಿ ಜಾಸ್ತಿ, ನನ್ನ ಮಾತು ನನಗೇ ಕೇಳಿಸ್ತಿಲ್ಲ. ಆಮೇಲೆ ಕಳಿಸ್ತೀನಿ.” ಅಲ್ಲಿಗೆ ಮುಗಿಯಿತು.

“ಇದನ್ನ ಯಾವಾಗ ರೆಕಾರ್ಡ್ ಮಾಡಿದೆ ಪುಟ್ಟಾ?” ಎಂದು ಮೇಡಂ ಕೇಳಿದರು. ಅವಳು ಮುಚ್ಚಿಡಲಿಲ್ಲ. “ಪ್ರಶ್ನೆ ಮೊನ್ನೆದು. ಉತ್ತರ ಹೋದ ವರ್ಷದ್ದು.” ಹಾಗೆ ಮಾಡಿದರೆ ಅದು ಸಂದರ್ಶನವಾಗುವುದಿಲ್ಲ ಎಂದರು ಮೇಡಂ. “ಅಮ್ಮ ಕಳಿಸಿದ ಹಳೇ ಮೆಸೇಜುಗಳಲ್ಲಿ ಹೇಳಿದ್ದೇ ತಾನೇ ಎಲ್ಲಾ? ನಾನೇನೂ ಸೇರಿಸಿಲ್ಲ,” ಎಂದಳು. ಆಗ ನಾನು ಪರದೆಯ ಮುಂದೆ ಬಂದು ಪರಿಚಯ ಹೇಳಿಕೊಂಡು, ಉತ್ತರಗಳು ಬೇರೆ ಸಂದರ್ಭದವು ಎಂಬ ಟಿಪ್ಪಣಿಯೊಂದನ್ನು ಸೇರಿಸಿ ಸ್ವೀಕರಿಸಬಹುದಲ್ಲವೇ, ಅಂಥ ಪದ್ಧತಿ ವಿದ್ವತ್ತಿನ ವಲಯದಲ್ಲಿ ಉಂಟು ಎಂದು ವಾದಿಸಿದೆ. ವಾದ ಚೆನ್ನಾಗಿಯೇ ಇತ್ತು. ಮೇಡಂ ಪೂರ್ತಿ ಕೇಳಿ, “ಟಿಪ್ಪಣಿ ಯಾರು ಓದ್ತಾರಮ್ಮಾ? ನೂರು ವರ್ಷ ಆದ ಮೇಲೆ ಯಾರೋ ಇದನ್ನ ಕೇಳ್ತಾರೆ. ಮಗಳು ಇಷ್ಟು ದೊಡ್ಡ ಪ್ರಶ್ನೆ ಕೇಳಿದ್ಲು, ತಾಯಿ ಗಾಳಿ ನೆಪ ಹೇಳಿದ್ಲು ಅಂದ್ಕೋತಾರೆ. ಆ ತಾಯಿಗೆ ಈ ಪ್ರಶ್ನೆನ ಯಾರೂ ಕೇಳೇ ಇಲ್ಲವಲ್ಲ,” ಎಂದರು.

ಇದಕ್ಕೆ ಪ್ರತಿವಾದ ಹುಡುಕಲು ಆ ರಾತ್ರಿ ನನ್ನ ಪುಸ್ತಕಗಳನ್ನೆಲ್ಲ ತಿರುವಿಹಾಕಿದೆ. ಸಿಕ್ಕಿದ್ದರೆ ಇಲ್ಲಿ ಬರೆಯುತ್ತಿದ್ದೆ.

ಮೇಡಂ ಒಂದು ದಾರಿ ತೋರಿಸಿದ್ದಾರೆ. ಈ ತಿಂಗಳ ಕೊನೆಯ ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ ಅವಳಿಗೆಂದೇ ಅರ್ಧ ಗಂಟೆ ಮೀಸಲಿಟ್ಟಿದ್ದಾರೆ. ನೀನಿರುವಲ್ಲಿಂದ ನೀನು, ಇಲ್ಲಿಂದ ಅವಳು. ಗ್ರಂಥಾಲಯವೇ ಧ್ವನಿ ಮುದ್ರಿಸಿಕೊಳ್ಳುತ್ತದೆ. ಮೊದಲಿಗೆ ನೀನು ಯಾರು, ಏನು ಕೆಲಸ, ಇದನ್ನು ಇಟ್ಟುಕೊಳ್ಳಲು ನಿನಗೆ ಒಪ್ಪಿಗೆಯೇ ಎಂಬುದನ್ನು ನೀನೇ ಹೇಳಬೇಕು. ಅದಾದ ಮೇಲೆ ಈ ಸಾಲಿನ ಪಾಠ ಮುಗಿಯುತ್ತದೆ. ಅಂದು ನೀನಿಲ್ಲದಿದ್ದರೆ ಅವಳದೊಂದನ್ನು ಬಿಟ್ಟು ಉಳಿದ ಮಕ್ಕಳದೆಲ್ಲ ಗ್ರಂಥಾಲಯ ಸೇರುತ್ತದೆ. ಆ ಶನಿವಾರ ನಿನಗೆ ರಜೆಯೆಂದು ನೀನು ಕಳಿಸಿದ ಪಾಳಿಯ ವಿವರದಲ್ಲೇ ಇದೆ. ಇಲ್ಲಿಯ ಹನ್ನೊಂದು ಗಂಟೆಗೆ ನಿಮ್ಮಲ್ಲೂ ಒಳ್ಳೆಯ ಹಗಲು. ನೀನು ಮುಖ ತೋರಿಸಿ ಮಾತನಾಡಿ ವರ್ಷದ ಮೇಲಾಗಿದೆ. ಕ್ಯಾಮೆರಾ ಕೆಟ್ಟಿದೆ ಎನ್ನುತ್ತೀಯ. ನಾನು ಅದನ್ನು ನಂಬುತ್ತೇನೆಯೋ ಇಲ್ಲವೋ ಎಂಬುದು ಮುಖ್ಯವಲ್ಲ. ಗ್ರಂಥಾಲಯಕ್ಕೆ ಬೇಕಾದದ್ದು ಧ್ವನಿ ಮಾತ್ರ.

ಇದನ್ನೆಲ್ಲ ಅಮ್ಮನ ಮುಂದೆ ಹೇಳಿ, ಅಷ್ಟು ಚಿಕ್ಕವಳು ಕೇಳುವ ಮಾತೇ ಅದು ಎಂದೆ. ಅಮ್ಮ ಹುರುಳಿಕಾಯಿ ನಾರು ತೆಗೆಯುತ್ತಿದ್ದಳು. “ಕೇಳಲಿ ಬಿಡೇ. ನಾನು ಕೇಳಲಿಲ್ಲ, ನೀನು ಕೇಳಲಿಲ್ಲ. ಕೇಳಿದ್ರೆ ನೊಂದ್ಕೋತಾಳೆ ಅಂತ ಎಲ್ಲಾರೂ ಬಾಯಿಗೆ ಬಟ್ಟೆ ತುರುಕ್ಕೊಂಡು ಕೂತ್ವಿ. ಆಮೇಲೆ ಅವಳು ಒಪ್ಪಂದ ಇನ್ನೆರಡು ವರ್ಷ ಮುಂದುವರಿಸಿದ್ಲು. ನಾವು ಕೇಳದೇ ಇದ್ದದ್ದರಿಂದ ಯಾರಿಗೆ ಏನು ಉದ್ಧಾರ ಆಯ್ತು?” ಎಂದಳು. ಟೆಲಿಫೋನ್ ಆಪರೇಟರ್ ಆಗಿದ್ದವಳು, ಲೈನು ಜೋಡಿಸಿಕೊಟ್ಟು ಪಕ್ಕಕ್ಕೆ ಸರಿಯುವುದೇ ಕಸುಬೆಂದು ಬದುಕಿದವಳು ಇಷ್ಟು ಉದ್ದ ಮಾತನಾಡಿದ್ದನ್ನು ನಾನು ಕೇಳಿದ್ದು ಕಡಿಮೆ.

ಪಿಟೀಲು ಶಾಂತವಾಗಿದ್ದಾಳೆ. ಹಠವಿಲ್ಲ, ಕುಯ್ಯುವುದಿಲ್ಲ. ಪ್ರಶ್ನೆಗಳನ್ನು ಮತ್ತೆ ಬರೆಯುತ್ತಿದ್ದಾಳೆ. ಹಡಗು ಬಂದಾಗ ಮೊದಲು ಯಾವ ಪೆಟ್ಟಿಗೆ ಎತ್ತುತ್ತಾರೆ, ಮೇಲೆ ಇರುವಾಗ ಬಾಯಾರಿದರೆ ಏನು ಮಾಡುತ್ತಾರೆ, ಒಬ್ಬರೇ ಇರಲು ಬೇಸರವಾಗುವುದಿಲ್ಲವೇ ಎಂಬಂಥವು. ನಿಜ ಹೇಳಬೇಕೆಂದರೆ ನನ್ನವಕ್ಕಿಂತ ಚೆನ್ನಾಗಿವೆ. ಕೊನೆಯ ಪ್ರಶ್ನೆಯನ್ನು ಬದಲಾಯಿಸಿಲ್ಲ. ಬೇಡವೆನ್ನಲು ನನಗೆ ಕಾರಣ ಸಿಗಲಿಲ್ಲ, ಬೇಕೆನ್ನಲು ಅಧಿಕಾರವಿಲ್ಲ.

ಕತ್ತಿಗೂ ಭುಜಕ್ಕೂ ಔಷಧಿ ತಪ್ಪಿಸಬೇಡ. ಏಣಿ ಹತ್ತುವಾಗ ಎರಡೂ ಕೈ ಖಾಲಿ ಇರಲಿ ಎಂದು ಅಮ್ಮ ಎಂದಿನಂತೆ ಹೇಳಿದ್ದಾಳೆ. ಅವಳ ಆಶೀರ್ವಾದವೆಲ್ಲ ಅದರಲ್ಲೇ ಬಂತೆಂದು ತಿಳಿ. ನಿನ್ನ ಮಗಳು ಈ ಕಾಗದದಲ್ಲಿ ತನ್ನದೇನೂ ಬರೆಯುವುದಿಲ್ಲವಂತೆ. ಹೇಳುವುದನ್ನೆಲ್ಲ ಅಂದಿಗೇ ಇಟ್ಟುಕೊಂಡಿದ್ದಾಳೆ.

ಇತಿ,
ನಿನ್ನ ತಂಗಿ

ಮರುಬರಹ, ಸೋಮವಾರ ಬೆಳಿಗ್ಗೆ: ಅಂಚೆಯವನು ಪೆಟ್ಟಿಗೆ ತೆರೆಯುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಆ ಶನಿವಾರ ನೀನು ಬರುತ್ತೀಯ ಎಂದು ಅವಳಿಗೆ ಹೇಳಿಬಿಟ್ಟಿದ್ದೇನೆ, ನಿನ್ನನ್ನು ಕೇಳದೆ. ಬರಲಾಗದಿದ್ದರೆ ನನಗೆ ತಿಳಿಸಬೇಡ, ಅಮ್ಮನಿಗೂ ಬೇಡ. ಅವಳಿಗೇ ಹೇಳು, ನಿನ್ನ ಬಾಯಿಂದಲೇ. ನಿನ್ನ ‘ಆಗಲ್ಲ’ಗಳಿಗೆಲ್ಲ ಒಳ್ಳೆಯ ಬಟ್ಟೆ ತೊಡಿಸಿ ಅವಳೆದುರು ನಿಲ್ಲಿಸುತ್ತ ಬಂದವಳು ನಾನು. ಇದೊಂದನ್ನು ಹೊರುವುದಿಲ್ಲ. ಕೊನೆಯ ಪ್ರಶ್ನೆಗೆ ನಿನ್ನಲ್ಲಿ ಉತ್ತರವಿಲ್ಲದಿರಬಹುದು ಅಕ್ಕಾ, ಅದಕ್ಕೇ ನೀನು ಹೆದರುತ್ತಿರಬಹುದು. ಹಾಗಿದ್ದರೆ ಗೊತ್ತಿಲ್ಲ ಎಂದೇ ಹೇಳು. ಅದನ್ನೂ ಇಟ್ಟುಕೊಳ್ಳುತ್ತೀರಾ ಎಂದು ಮೇಡಂ ಅವರಿಗೆ ಫೋನು ಮಾಡಿ ಕೇಳಿದೆ. ಇಟ್ಟುಕೊಳ್ಳುತ್ತಾರಂತೆ.